ದುರ್ಗದ ನಿಧಿ ಯಾರದು?

ದೇವರಾಯನದುರ್ಗಕ್ಕೆ ವರ್ಷವಿಡೀ ಜನ ಬರುತ್ತಾರೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರು, ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದ ಬೆಟ್ಟ. ಬಂದವರು ಕೆಳಗೆ ಭೋಗನರಸಿಂಹನಿಗೆ ಕೈಮುಗಿಯುತ್ತಾರೆ, ಮೇಲೆ ಹತ್ತಿ ಯೋಗನರಸಿಂಹನಿಗೆ ಹಣ್ಣುಕಾಯಿ ಮಾಡಿಸುತ್ತಾರೆ, ನಾಮದ ಚಿಲುಮೆಯನ್ನು ನೋಡುತ್ತಾರೆ, ಬುತ್ತಿ ಬಿಚ್ಚಿ ಉಂಡು, ಪಟ ತೆಗೆದುಕೊಂಡು ಊರಿಗೆ ಹಿಂತಿರುಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ವಾರವೆಲ್ಲ ದುಡಿದ ಮೈಗೆ ಒಂದು ದಿನ ಬೆಟ್ಟದ ಗಾಳಿ ಬೇಕೇ ಬೇಕು.

ಆದರೆ ಅವರು ನೋಡದೆ ಹೋದದ್ದು ಎಷ್ಟು ಎಂಬುದನ್ನು ಯೋಚಿಸಬೇಕು. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇದೇ ಸಾಲಿನಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಡಕನೆಂಬ ಪಾಳೆಯಗಾರನ ಹೆಸರಿನಿಂದ ಜಡಕನದುರ್ಗವೆನಿಸಿಕೊಂಡಿದ್ದ ಜಾಗ, ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾದ ಮೇಲೆ ದೇವರಾಯನದುರ್ಗವಾಯಿತು. ಪಾಳೆಯಗಾರನ ಹೆಸರು ಹೋಗಿ ಅರಸನ ಹೆಸರು ಬಂತು. ಕೋಟೆಯ ಕಲ್ಲನ್ನು ಹೊತ್ತವರ ಹೆಸರು ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ. ಇದನ್ನೆಲ್ಲ ಬಂದವರಿಗೆ ತಿಳಿಸುವ ಹೊಣೆ ಯಾರದು? ಜನರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾನಿಲಯಗಳದ್ದು, ಆ ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡಿರುವ ಮತ್ತು ಇಟ್ಟುಕೊಳ್ಳಬೇಕಾದ ಕಲಾ ಸಂಗ್ರಹಾಲಯಗಳದ್ದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಆ ಹೊಣೆಯನ್ನು ನಿರ್ವಹಿಸಲು ಇತ್ತೀಚಿನ ಒಂದು ಆಟ ನೆರವಿಗೆ ಬರಬಲ್ಲದು. ಅದು ಎಂಥ ಆಟ, ಅದರಿಂದ ಏನು ಲಾಭ, ಏನು ಅಪಾಯ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆಕಾಶದ ದಾರಿತೋರುಕ

ಅಮೆರಿಕದ ಸೈನ್ಯವು 1978ರಿಂದ ಆಕಾಶಕ್ಕೆ ಕಳುಹಿಸತೊಡಗಿದ ಉಪಗ್ರಹಗಳಿವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಕ್ಷಣಕ್ಷಣವೂ ಕಾಲದ ಸಂಕೇತವನ್ನು ಬಿತ್ತರಿಸುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಕು, ಕೈಯಲ್ಲಿರುವ ಯಂತ್ರ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಮೊದಲು ನಿಖರವಾದ ಸಂಕೇತ ಸೈನ್ಯಕ್ಕೆ ಮಾತ್ರ ಮೀಸಲಾಗಿತ್ತು. ಸಾಮಾನ್ಯರಿಗೆ ಸಿಗುತ್ತಿದ್ದುದು ಬೇಕೆಂದೇ ಕೆಡಿಸಿದ ಸಂಕೇತ. 2000ದ ಮೇ ತಿಂಗಳ ಮೊದಲ ವಾರದಲ್ಲಿ ಆ ಕೆಡಿಸುವ ಕೆಲಸವನ್ನು ನಿಲ್ಲಿಸಿದರು. ಅದೇ ವಾರ, ಮೇ 3ರಂದು, ಆರೆಗಾನ್ ಪ್ರಾಂತ್ಯದ ಡೇವ್ ಅಲ್ಮರ್ ಎಂಬಾತ ಕಾಡಿನಂಚಿನಲ್ಲಿ ಒಂದು ಬಕೆಟ್ಟನ್ನು ಅಡಗಿಸಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ. ಬಕೆಟ್ಟಿನಲ್ಲಿ ಇದ್ದುದು ಒಂದು ಪುಸ್ತಕ, ಒಂದಿಷ್ಟು ಹಣ, ಬೇಯಿಸಿದ ಕಾಳಿನ ಒಂದು ಡಬ್ಬಿ, ಇಂಥವೇ ವಸ್ತುಗಳು. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿ ತೆಗೆದವರೂ ಬಂದರು. ಹೀಗೆ ಹುಟ್ಟಿದ ಆಟಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರಾಯಿತು. ಇಂದು ಲೋಕದ ಬಹುಪಾಲು ದೇಶಗಳಲ್ಲಿ ಇಂಥ ಲಕ್ಷಗಟ್ಟಲೆ ಪೆಟ್ಟಿಗೆಗಳು ಅಡಗಿವೆ.

ಆಟದ ನಿಯಮ ಸರಳ. ಹುಡುಕಿದವನು ಅಲ್ಲಿರುವ ಪುಸ್ತಕದಲ್ಲಿ ಸಹಿ ಹಾಕಬೇಕು. ಒಂದು ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದನ್ನು ಅಲ್ಲಿ ಇಟ್ಟು ಹೋಗಬೇಕು. ಈ ಪುಟ್ಟ ನಿಯಮವನ್ನು ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಬಗೆದ ಗಣಿಯ ಧಣಿಗಳು ಪಾಲಿಸಿದ್ದರೆ, 2011ರಲ್ಲಿ ಸುಪ್ರೀಂ ಕೋರ್ಟೇ ಮಧ್ಯೆ ಬಂದು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಗಿ ಬರುತ್ತಿರಲಿಲ್ಲ.

ಅಮೆರಿಕದಲ್ಲಿ ವಿಶ್ವವಿದ್ಯಾನಿಲಯದ ಕಲಾ ಸಂಗ್ರಹಾಲಯವೂ ಈ ಆಟವನ್ನು ತನ್ನ ಪ್ರದರ್ಶನಗಳ ಜೊತೆಗೆ ಜೋಡಿಸಿದ್ದುಂಟು. ಚಿತ್ರಶಾಲೆಯ ಬಾಗಿಲಿಗೆ ಎಂದೂ ಬಾರದವನು ಆಟದ ನೆಪದಲ್ಲಿ ಊರು ಸುತ್ತುತ್ತ, ಸುಳಿವಿನಿಂದ ಸುಳಿವಿಗೆ ನಡೆಯುತ್ತ, ಕೊನೆಗೆ ಚಿತ್ರದ ಮುಂದೆ ಬಂದು ನಿಲ್ಲುತ್ತಾನೆ. ಜನ ಬರಲಿಲ್ಲವೆಂದು ದೂರುತ್ತ ಕುಳಿತುಕೊಳ್ಳುವುದಕ್ಕಿಂತ ಜನರಿರುವಲ್ಲಿಗೆ ಹೋಗುವ ಈ ಬುದ್ಧಿ ಮೆಚ್ಚತಕ್ಕದ್ದು.

ನಮ್ಮಲ್ಲಿ ನಿಧಿ ಎಂದರೆ

ಹಾಗೆಂದ ಮಾತ್ರಕ್ಕೆ ಆ ಆಟವನ್ನು ಇದ್ದ ಹಾಗೆಯೇ ತಂದು ದುರ್ಗದ ಮೇಲೆ ಇಳಿಸಬಹುದೆ? ಕೂಡದು. ನಿಧಿ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಬೇರೊಂದು ಅರ್ಥವಿದೆ, ಆ ಅರ್ಥದಿಂದ ನಾವು ಬಹಳ ಕಳೆದುಕೊಂಡಿದ್ದೇವೆ. ಹಾಳು ದೇಗುಲದ ನಂದಿಯ ಕೆಳಗೆ ಹೊನ್ನಿದೆ, ಲಿಂಗದ ಪೀಠದ ಕೆಳಗೆ ಕೊಪ್ಪರಿಗೆಯಿದೆ, ಕೋಟೆಯ ಬಾಗಿಲ ಬಳಿ ಹೂತ ಹಂಡೆಯಿದೆ ಎಂದು ನಂಬಿ ರಾತ್ರೋರಾತ್ರಿ ಹಾರೆ ಗುದ್ದಲಿ ಹಿಡಿದು ಬರುವವರು ಒಡೆದುಹಾಕಿದ ಮೂರ್ತಿಗಳೆಷ್ಟು! 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಕೆಡವಿದರು. ಇಷ್ಟು ಹೆಸರುಳ್ಳ ಜಾಗದ ಗತಿ ಹೀಗಾದರೆ ಹೇಳುವವರು ಕೇಳುವವರಿಲ್ಲದ ಹಳ್ಳಿಯ ಮಾಸ್ತಿಕಲ್ಲು, ವೀರಗಲ್ಲುಗಳ ಗತಿಯೇನು? ಪ್ರಾಚೀನ ಸ್ಮಾರಕಗಳನ್ನು ಕಾಯಲು ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಿದೆ. ಆದರೆ ಕಾಯಿದೆಯ ಪುಸ್ತಕ ಕಲ್ಲಿನ ಪಕ್ಕದಲ್ಲಿ ಕಾವಲು ಕೂರುವುದಿಲ್ಲ.

ಇಂಥ ನಾಡಿನಲ್ಲಿ, ಬೆಟ್ಟದ ಸಂದಿಯಲ್ಲಿ ಪೆಟ್ಟಿಗೆಯಿದೆ ಹುಡುಕಿರಿ ಎಂದರೆ ನಾಳೆ ಗುದ್ದಲಿ ಹಿಡಿದವನೂ ಅದೇ ಮಾತನ್ನು ಹೇಳಿಯಾನು. ಮೇಲಾಗಿ ದೇವರಾಯನದುರ್ಗ ಕಾಡು. ಚಿರತೆ, ಕರಡಿಗಳು ಇರುವ ಕಾಡು. ಅಲ್ಲಿ ದಾರಿ ಬಿಟ್ಟು ಪೊದೆ ಕೆದಕುವ ಆಟ ಆಡಿಸುವುದು ಮನುಷ್ಯರಿಗೂ ಕ್ಷೇಮವಲ್ಲ, ಮೃಗಗಳಿಗೂ ಕ್ಷೇಮವಲ್ಲ.

ಹಾಗಾದರೆ ದಾರಿಯೇನು? ದಾರಿ ಇದೆ. ಅಮೆರಿಕದ ಭೂವಿಜ್ಞಾನ ಸಂಘವು 2004ರಲ್ಲಿ ಇದೇ ಆಟದ ಮತ್ತೊಂದು ಬಗೆಯನ್ನು ತೊಡಗಿಸಿತು. ಅದರಲ್ಲಿ ಪೆಟ್ಟಿಗೆಯಿಲ್ಲ, ಹೂಳುವುದಿಲ್ಲ, ತೆಗೆಯುವುದೂ ಇಲ್ಲ. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿರುವ ಬಂಡೆಯನ್ನೋ ಕಣಿವೆಯನ್ನೋ ನಿಂತು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು. ನೋಡದವನಿಗೆ ಉತ್ತರ ಹೊಳೆಯುವುದಿಲ್ಲ. ಅಲ್ಲಿ ತಿಳಿವಳಿಕೆಯೇ ನಿಧಿ. ನಮ್ಮ ಜಿಲ್ಲೆಗೆ ಹೊಂದುವುದು ಈ ಬಗೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದ ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟಿನ ಪಟ್ಟಿ ನಮ್ಮ ಮಧುಗಿರಿ, ಪಾವಗಡಗಳವರೆಗೆ ಹಾದುಹೋಗಿದೆ. ನಮ್ಮ ಹುಡುಗರು ಕೂತು ಆಡುವ ಬಂಡೆಗಳೇ ಭೂವಿಜ್ಞಾನದ ಪಾಠ.

ಹೆಬ್ಬಾಳದಲ್ಲಿ ಆದದ್ದು

ಇದು ಪರದೇಶದವರಿಗೆ ಮಾತ್ರ ಆಗುವ ಕೆಲಸ ಎನ್ನುವವರು ಬೆಂಗಳೂರಿನ ಕಡೆ ತಿರುಗಿ ನೋಡಬೇಕು. ಅಲ್ಲಿ 2017ರ ಸುಮಾರಿಗೆ ಶಾಸನಗಳ ಮೇಲೆ ಅಕ್ಕರೆಯಿದ್ದ ಕೆಲವರು ಸ್ವಯಂಸೇವಕರಾಗಿ ಸೇರಿ ಒಂದು ಕೆಲಸ ಹಿಡಿದರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚಾಗಿರುವ ಶಾಸನಕಲ್ಲುಗಳು ಈಗ ಎಲ್ಲಿವೆ, ಇವೆಯೇ ಇಲ್ಲವೇ ಎಂದು ಬೀದಿಬೀದಿ ಸುತ್ತಿ ಹುಡುಕುವುದು, ಸಿಕ್ಕ ಕಲ್ಲಿನ ಜಾಗವನ್ನು ಎಲ್ಲರೂ ನೋಡಬಹುದಾದ ನಕ್ಷೆಯಲ್ಲಿ ಗುರುತಿಸುವುದು. ಹೀಗೆ ಹುಡುಕುವಾಗಲೇ 2018ರಲ್ಲಿ ಹೆಬ್ಬಾಳದಲ್ಲಿ ನೆಲದಲ್ಲಿ ಹುದುಗಿದ್ದ ಕಿತ್ತಯ್ಯನ ವೀರಗಲ್ಲು ಕಣ್ಣಿಗೆ ಬಿತ್ತು. ಅದು ಸುಮಾರು 750ನೆಯ ಇಸವಿಯ ಕನ್ನಡ ಶಾಸನ. ಊರಿನ ಜನ ಕೈಗೂಡಿಸಿ ಅದಕ್ಕೊಂದು ಮಂಟಪ ಕಟ್ಟಿದರು. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಿನ ಶಾಸನಗಳನ್ನು ಮೂರು ಆಯಾಮದ ಅಚ್ಚಿನಲ್ಲಿ ಯಂತ್ರದಿಂದ ಪಡಿಮೂಡಿಸಿ ಕಾಪಾಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು.

ಇದಕ್ಕೆ ಯಾರೂ ಜಿಯೋಕ್ಯಾಚಿಂಗ್ ಎಂದು ಹೆಸರಿಡಲಿಲ್ಲ. ಆದರೆ ಅದರ ಸಾರವೆಲ್ಲ ಇಲ್ಲಿದೆ, ಅದರ ಅಪಾಯ ಯಾವುದೂ ಇಲ್ಲ. ಹುಡುಕುವುದು, ನಕ್ಷೆಯಲ್ಲಿ ಗುರುತಿಡುವುದು, ಮುಂದಿನವನಿಗೆ ದಾರಿ ತೋರುವುದು. ಕಲ್ಲು ಎಲ್ಲಿದೆಯೆಂದು ಹತ್ತು ಜನಕ್ಕೆ ಗೊತ್ತಿದ್ದರೆ ಕದಿಯುವವನಿಗೆ ಸುಲಭವಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ಹತ್ತು ಜನಕ್ಕೆ ಗೊತ್ತಿದ್ದರೆ ಸುಲಭ, ಹತ್ತು ಸಾವಿರ ಜನಕ್ಕೆ ಗೊತ್ತಿದ್ದರೆ ಕಷ್ಟ. ಊರವರೆಲ್ಲ ಓದಿ ಅರ್ಥ ತಿಳಿದುಕೊಂಡ ಕಲ್ಲನ್ನು ಯಾವನೂ ಹಗಲು ಹೊತ್ತಿನಲ್ಲಿ ಚಪ್ಪಡಿಯಾಗಿ ಚರಂಡಿಗೆ ಹಾಕಲಾರ.

ತುಮಕೂರು ಜಿಲ್ಲೆಯ ಶಾಸನಗಳಿಗೆಂದೇ ರೈಸ್ ಅವರ 12ನೆಯ ಸಂಪುಟವಿದೆ. ಅದು ಅಚ್ಚಾದದ್ದು 1904ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಅದರಲ್ಲಿರುವ ಊರುಗಳ ಎಷ್ಟು ಶಾಲೆಗಳಲ್ಲಿ, ನಿಮ್ಮೂರಿನ ಕಲ್ಲಿನಲ್ಲಿ ಬರೆದಿರುವುದು ಇದು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ? ಊರಿನ ಹೊಲ, ಕೆರೆ, ತೆರಿಗೆ, ಸತ್ತ ವೀರ ಇವರ ಮಾತೆಲ್ಲ ಪುಸ್ತಕಭಂಡಾರದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿದೆ. ಇದೂ ಹೂತಿಟ್ಟ ನಿಧಿಯೇ. ಹೂತವರು ಮಾತ್ರ ಕಳ್ಳರಲ್ಲ, ಪಂಡಿತರು.

ಕೈದಾಳದ ಕೈ

ತುಮಕೂರಿನ ಬಳಿ ಗೂಳೂರಿಗೆ ಹತ್ತಿರದಲ್ಲಿ ಕೈದಾಳವಿದೆ. ಅಲ್ಲಿನ ಚನ್ನಕೇಶವನ ಗುಡಿಯನ್ನು ಸುಮಾರು 1150ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಾಚಿ ಎಂಬ ಸಾಮಂತ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಜನ ಹೇಳುವ ಕಥೆ ಬೇರೆ. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಮಗ ಡಂಕಣ ತೋರಿಸಿಕೊಟ್ಟಾಗ ಆಡಿದ ಮಾತಿನಂತೆ ತನ್ನ ಬಲಗೈಯನ್ನೇ ಕಡಿದುಕೊಂಡ ಜಕಣಾಚಾರಿ, ಹುಟ್ಟೂರಿಗೆ ಬಂದು ಕೇಶವನ ಗುಡಿ ಕಟ್ಟಿದ ಮೇಲೆ ಕೈಯನ್ನು ಮರಳಿ ಪಡೆದನಂತೆ, ಅದರಿಂದ ಊರಿಗೆ ಆ ಹೆಸರು ಬಂತಂತೆ.

ಇದರಲ್ಲಿ ಇತಿಹಾಸವೆಷ್ಟು ಕಲ್ಪನೆಯೆಷ್ಟು ಎಂದು ಪಂಡಿತರು ವಾದಿಸಲಿ. ನಮಗೆ ಮುಖ್ಯವಾದದ್ದು ಇದು: ಶಾಸನ ಕಟ್ಟಿಸಿದವನ ಹೆಸರನ್ನು ಉಳಿಸಿತು, ಜನ ಕಟ್ಟಿದವನ ಹೆಸರನ್ನು ಉಳಿಸಿಕೊಂಡರು. ದುಡಿದ ಕೈಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕೆಂಬ ಹಟ ಆ ಕಥೆಯ ಒಳಗಿದೆ. ಹೊಯ್ಸಳರ ಕಾಲದ ಶಿಲ್ಪಿಗಳೂ ಸುಮ್ಮನಿರಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದರು. ನಮ್ಮದೇ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಗುಡಿಯಲ್ಲಿ ಹೊನ್ನೋಜನ ಹೆಸರಿದೆ. ಆ ಅಕ್ಷರಗಳನ್ನು ಹುಡುಕಿ ಓದಿರಿ ಎಂದು ಮಕ್ಕಳಿಗೆ ಒಂದು ಸುಳಿವು ಕೊಟ್ಟು ಕಳುಹಿಸಿದರೆ, ಕಲೆ ಎಂದರೆ ದೊರೆಯ ದಾನವಲ್ಲ, ಕೂಲಿಯವನ ಕೈಚಳಕ ಎಂಬುದು ಬಾಯಿಪಾಠವಿಲ್ಲದೆ ತಲೆಗೆ ಇಳಿಯುತ್ತದೆ. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ರಾಜಕೀಯದ ಗದ್ದಲದ ನಡುವೆಯೂ ಭಾರತದ ಶಿಲ್ಪಗಳನ್ನು ಕುರಿತು ಬರೆದರು ಎಂಬುದನ್ನು ನಮ್ಮ ಸಂಗಾತಿಗಳು ಮರೆಯಬಾರದು. ಕಲ್ಲು ಪುರೋಹಿತರದೂ ಅಲ್ಲ, ಪ್ರವಾಸೋದ್ಯಮದ್ದೂ ಅಲ್ಲ.

ಸಂಗ್ರಹಾಲಯಗಳ ಅವಸ್ಥೆ

ವಿಶ್ವವಿದ್ಯಾನಿಲಯ ಈ ಕೆಲಸ ಮಾಡಬಲ್ಲುದೆ ಎಂಬ ಪ್ರಶ್ನೆಗೆ ಮೈಸೂರು ಒಮ್ಮೆ ಉತ್ತರ ಕೊಟ್ಟಿತ್ತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಅಲೆದು ತೊಗಲುಗೊಂಬೆ, ಯಕ್ಷಗಾನದ ಕಿರೀಟ, ನೇಗಿಲು, ಕೊಳಗ, ಬುಟ್ಟಿ, ದೀಪ ಎಲ್ಲವನ್ನೂ ಕೂಡಿಹಾಕಿದರು. ಸಾವಿರಾರು ವಸ್ತುಗಳು. ರಾಜಕುಮಾರಿಗಾಗಿ ಕಟ್ಟಿದ ಅರಮನೆಯಲ್ಲಿ ಒಕ್ಕಲಿನವನ ನೇಗಿಲಿಗೆ ಸ್ಥಾನ ಸಿಕ್ಕಿತು. ಪ್ರಜಾಪ್ರಭುತ್ವದ ಅರ್ಥ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಕಟ್ಟಡವನ್ನು ಕಾಯುವುದರಲ್ಲಿ ಆ ಉತ್ಸಾಹ ಉಳಿಯಲಿಲ್ಲ. ಈ ಶತಮಾನದ ಮೊದಲಿಗೆ ಇನ್ಫೋಸಿಸ್ ಪ್ರತಿಷ್ಠಾನದ ಹಣದಿಂದ ದುರಸ್ತಿಯಾದ ಕಟ್ಟಡ ಮತ್ತೆ ಸೋರತೊಡಗಿತು, ದುರಸ್ತಿಯ ಮಾತು ವರ್ಷಗಟ್ಟಲೆ ಎಳೆದಾಡಿತು. ದಾನಿಯ ಚೀಟಿಯ ಮೇಲೆ ಒಮ್ಮೆ ಸುಣ್ಣ ಹೊಡೆಯಬಹುದು. ಪ್ರತಿ ಮಳೆಗಾಲಕ್ಕೂ ಹೆಂಚು ನೋಡಿಕೊಳ್ಳಲು ಸರ್ಕಾರದ ಆಯವ್ಯಯದಲ್ಲಿಯೇ ಹಣವಿರಬೇಕು.

ಸರ್ಕಾರ ಕೈಬಿಟ್ಟಾಗ ಯಾರು ಕೈಚಾಚುತ್ತಾರೆ ಎಂಬುದನ್ನೂ ಕಂಡಿದ್ದೇವೆ. ಬೆಂಗಳೂರಿನ ವೆಂಕಟಪ್ಪ ಕಲಾಶಾಲೆಯನ್ನು ದತ್ತು ಎಂಬ ಚೆಂದದ ಹೆಸರಿನಲ್ಲಿ ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಪ್ರವಾಸೋದ್ಯಮ ಇಲಾಖೆ ಮುಂದಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಚಿತ್ರ ಬರೆದು, ಹಾಡಿ, ನಾಟಕವಾಡಿ ತಿಂಗಳುಗಟ್ಟಲೆ ಪ್ರತಿಭಟಿಸಿದರು. ಕೊನೆಗೆ ಆ ಯೋಜನೆ ನಿಂತಿತು. ಸಾರ್ವಜನಿಕ ಕಲಾಶಾಲೆಯನ್ನು ಉಳಿಸಿಕೊಳ್ಳಲು ಚಳವಳಿಯೂ ಬೇಕಾಗುತ್ತದೆ ಎಂಬ ಪಾಠ ಅದರಲ್ಲಿದೆ.

ಇನ್ನು ಸಂಗ್ರಹಾಲಯದ ಒಳಗಿನ ಭಾಷೆ. ಮೂರ್ತಿಯ ಕೆಳಗಿನ ಚೀಟಿ ಇಂಗ್ಲಿಷಿನಲ್ಲಿ ‘ಕ್ಲೋರಿಟಿಕ್ ಶಿಸ್ಟ್’ ಎನ್ನುತ್ತದೆ. ಅದು ಬಳಪದ ಕಲ್ಲು ಎಂದರೆ ಸ್ಲೇಟಿನ ಮೇಲೆ ಬಳಪ ಹಿಡಿದ ಪ್ರತಿ ಮಗುವಿಗೂ ತಿಳಿಯುತ್ತದೆ, ಆ ಕಲ್ಲು ಏಕೆ ಅಷ್ಟು ನುಣುಪಾಗಿ ಕಡೆಯಲು ಬಂತೆಂಬುದೂ ಹೊಳೆಯುತ್ತದೆ. ಕನ್ನಡ ಪದವೇ ಅರ್ಧ ಪಾಠ ಹೇಳಿಬಿಡುತ್ತದೆ. ಅದನ್ನು ಬಿಟ್ಟು ಬೇರೆ ಪದ ಹುಡುಕುವುದು ಪಾಂಡಿತ್ಯವಲ್ಲ.

ಎರಡು ಆಕ್ಷೇಪಣೆಗಳು

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಚಿತ್ರಶಾಲೆಯೇ, ಆಟವೇ ಎಂದು ಕೇಳುವವರಿದ್ದಾರೆ. ತೆಂಗಿನ ಬೆಲೆ, ರಾಗಿಯ ಬೆಲೆ, ಕುಡಿಯುವ ನೀರು ಇವೇ ಮೊದಲಿನವು. ಈ ಪತ್ರಿಕೆಯ ಓದುಗರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಬಡವನಿಗೆ ಹಿಟ್ಟು ಮಾತ್ರ ಸಾಕು, ಚೆಲುವು ಉಳ್ಳವರಿಗೆ ಇರಲಿ ಎನ್ನುವುದು ಸಮಾಜವಾದವಲ್ಲ. ಅದು ಜಮೀನ್ದಾರನ ವಾದ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ತಿರುಗಿದಾಗ ಅದನ್ನು ಸಾಕಿದವರು ಅರಸರಷ್ಟೇ ಅಲ್ಲ. ನೆಲದ ಮೇಲೆ ಕೂತು ನೋಡಿದ ಕಾಸಿನ ಗಿರಾಕಿಗಳೂ ಅದನ್ನು ಸಾಕಿದರು.

ಎರಡನೆಯದು: ಇದು ಮೊಬೈಲ್ ಉಳ್ಳವರ, ಕಾರು ಉಳ್ಳವರ ಆಟವಾಗಿಬಿಡುತ್ತದಲ್ಲ ಎಂಬ ಆಕ್ಷೇಪಣೆ. ಇದು ಗಟ್ಟಿಯಾದ ಆಕ್ಷೇಪಣೆ. ಬೆಂಗಳೂರಿನ ವಾಹನಗಳ ಸಾಲು ಬೆಟ್ಟ ಹತ್ತಿ, ಆಟವಾಡಿ, ಬಾಟಲಿ ಎಸೆದು ಹೋಗುವುದಾದರೆ ನಮಗೆ ಈ ಆಟ ಬೇಡವೇ ಬೇಡ. ಆದ್ದರಿಂದ ಸುಳಿವುಗಳು ಕಾಗದದ ಹಾಳೆಯಲ್ಲಿಯೂ ಸಿಗಬೇಕು. ‘ಆಲದ ಮರದಿಂದ ಮೂಡಲಿಗೆ ನೂರು ಹೆಜ್ಜೆ’ ಎಂದರೆ ಯಾವ ಉಪಗ್ರಹವೂ ಬೇಕಾಗಿಲ್ಲ. ಆಟ ಬಸ್ಸಿನ ನಿಲ್ದಾಣದಿಂದ ಆರಂಭವಾಗಬೇಕು, ಕಾರು ನಿಲ್ಲಿಸುವ ಜಾಗದಿಂದಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುವಂತಾಯಿತು. ಅಲ್ಲಿಯವರೆಗೆ ಗಂಡನ ಜೇಬು ನೋಡಬೇಕಾಗಿದ್ದವರು ಬೆಟ್ಟ, ಗುಡಿ, ಊರು ನೋಡಲು ಹೊರಟರು. ಹೊರಟವರನ್ನು ಗೇಲಿ ಮಾಡಿದವರೂ ಇದ್ದರು. ಅವರು ನೋಡಲು ಬಂದಿದ್ದಾರೆ, ಅವರಿಗೆ ತೋರಿಸಲು ನಮ್ಮ ವಿದ್ಯಾವಂತರು ಏನು ಸಿದ್ಧ ಮಾಡಿಟ್ಟಿದ್ದಾರೆ ಎಂದು ಕೇಳುವುದು ನ್ಯಾಯ.

ಆಗಬೇಕಾದುದೇನು?

ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಸ್ಥಾಪನೆಯಾಯಿತು. ಅದರ ತರಗತಿಗಳಲ್ಲಿ ಕೂರುವವರಲ್ಲಿ ಗುಬ್ಬಿ, ಕುಣಿಗಲ್, ಕೊರಟಗೆರೆ, ಪಾವಗಡಗಳ ರೈತ ಕೂಲಿಕಾರರ ಮಕ್ಕಳೇ ತುಂಬಿದ್ದಾರೆ. ಈ ಮಕ್ಕಳ ಕೈಯಿಂದಲೇ ಆಗತಕ್ಕ ಕೆಲಸಗಳನ್ನು ನಾವು ಅಧಿಕಾರಿಗಳ ಮುಂದೆ ಇಡುತ್ತೇವೆ.

ಒಂದನೆಯದಾಗಿ, ಜಿಲ್ಲೆಯ ಕಲೆಗೆ, ಎಂದರೆ ಶಿಲ್ಪ, ರಂಗಭೂಮಿ, ಕುಂಬಾರಿಕೆ, ನೇಯ್ಗೆಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕರಿಗೆ ತೆರೆದ ಸಂಗ್ರಹಾಲಯವಿರಬೇಕು. ಪ್ರವೇಶಕ್ಕೆ ಹಣ ಕೇಳಕೂಡದು. ಕೂಲಿಯವನು ಕೆಲಸ ಬಿಡುವ ಹೊತ್ತಿಗೆ ಬಾಗಿಲು ಮುಚ್ಚುವ ಪದ್ಧತಿ ಬಿಟ್ಟು ಸಂಜೆಯೂ ಭಾನುವಾರವೂ ತೆರೆದಿರಬೇಕು.

ಎರಡನೆಯದಾಗಿ, ರೈಸ್ ಅವರ 12ನೆಯ ಸಂಪುಟದ ಶಾಸನಗಳನ್ನು ವಿದ್ಯಾರ್ಥಿಗಳೇ ಊರೂರಿಗೆ ಹೋಗಿ ಹುಡುಕಿ, ನಕ್ಷೆಯಲ್ಲಿ ಗುರುತಿಸಿ, ತಿಳಿಗನ್ನಡದಲ್ಲಿ ಅರ್ಥ ಬರೆದು ಆಯಾ ಊರಿನ ಶಾಲೆಗೂ ಗ್ರಾಮಪಂಚಾಯಿತಿಗೂ ಒಪ್ಪಿಸಬೇಕು.

ಮೂರನೆಯದಾಗಿ, ದೇವರಾಯನದುರ್ಗದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಇರುವ ದಾರಿ ಮೆಟ್ಟಿಲುಗಳ ಮೇಲೆಯೇ ಪ್ರಶ್ನೆಗಳ ಆಟವನ್ನು ಏರ್ಪಡಿಸಬೇಕು. ಪೆಟ್ಟಿಗೆ ಹೂಳಕೂಡದು, ಬಂಡೆಗೆ ಬಣ್ಣ ಬಳಿಯಕೂಡದು, ಗುಡಿಯ ಕಲ್ಲನ್ನು ಕದಲಿಸಕೂಡದು. ಕೊನೆಯ ಪ್ರಶ್ನೆಯ ಉತ್ತರ ಸಂಗ್ರಹಾಲಯದೊಳಗೆ ಸಿಗುವಂತಿರಬೇಕು.

ನಾಲ್ಕನೆಯದಾಗಿ, ಬೆಟ್ಟದ ಸುತ್ತಿನ ಹಳ್ಳಿಗಳ ಯುವಕ ಯುವತಿಯರಿಗೆ ತರಬೇತು ಕೊಟ್ಟು ಸಂಬಳದ ಮಾರ್ಗದರ್ಶಿಗಳನ್ನಾಗಿ ಮಾಡಬೇಕು. ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳಕೂಡದು.

ಐದನೆಯದಾಗಿ, ಸಂಗ್ರಹಾಲಯದ ಪ್ರದರ್ಶನಗಳು ಜಾತ್ರೆ ಸಂತೆಗಳಿಗೆ ಹೋಗಬೇಕು. ಜನ ಕೂಡುವ ದಿನ ಮೊದಲೇ ಗೊತ್ತಿರುವಾಗ ಅಲ್ಲಿಗೆ ಒಂದು ಲಾರಿ ಕಳುಹಿಸುವುದು ಬ್ರಹ್ಮವಿದ್ಯೆಯೇನಲ್ಲ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಉಪಗ್ರಹದ ಸಂಕೇತಕ್ಕೆ ಬಾಡಿಗೆಯಿಲ್ಲ, ಶಾಸನಕ್ಕೆ ಸಂಬಳವಿಲ್ಲ, ಬೆಟ್ಟ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಬೇಕಾಗಿರುವುದು ಕುರ್ಚಿಯಿಂದ ಏಳುವ ಮನಸ್ಸು. ಸೈನ್ಯದ ಗುಟ್ಟಾಗಿದ್ದ ದಾರಿತೋರುಕ 2000ದಲ್ಲಿ ಎಲ್ಲರದೂ ಆಯಿತು. ವಿದ್ವಾಂಸರ ಗುಟ್ಟಾಗಿರುವ ನಮ್ಮ ಕಲ್ಲುಗಳ ಮಾತು ಎಲ್ಲರದೂ ಆಗುವುದು ಯಾವಾಗ? ವಿಶ್ವವಿದ್ಯಾನಿಲಯದವರು ಉತ್ತರ ಕೊಡಲಿ. ಅಲ್ಲಿಯವರೆಗೆ ನಮ್ಮ ಯುವಕರು ಸುಮ್ಮನೆ ಕೂರಬೇಕಾಗಿಲ್ಲ. ಮುಂದಿನ ಭಾನುವಾರ ತಮ್ಮ ಊರಿನ ಹಾಳುಗುಡಿಯ ಬಳಿ ಇರುವ ಕಲ್ಲಿನ ಮೇಲಿನ ಮಣ್ಣನ್ನು ಕೈಯಿಂದ ಒರೆಸಿ, ಅದರ ಮೇಲೆ ಅಕ್ಷರವಿದೆಯೇ ಎಂದು ನೋಡಲಿ, ಇದ್ದರೆ ಊರಿನ ಮೇಷ್ಟರನ್ನು ಕರೆದು ತೋರಿಸಲಿ. ಗುದ್ದಲಿ ಮಾತ್ರ ಮನೆಯಲ್ಲೇ ಇರಲಿ.